ಆಫ್ರಿಕಾದ ಅಜ್ಜಿ, ಮರವಂತೆಯ ಅಜ್ಜಿ

…ಒಬ್ಬಳೇ, ವನಜಕ್ಕ! ಒಬ್ಬಳೇ ಅಂದ್ರೆ ಒಬ್ಬಳೇ! ಒಂಬತ್ತ್ ವರ್ಷದ ಹೆಣ್ಣ್, ಮೂಗ್ ಒರ್ಸಿಕಂಬುಕೆ ಇನ್ನೂ ಸಮಾ ಬತ್ತಿಲ್ಲೆ, ಸಾಲಿಗ್ರಾಮದಲ್ಲಿ ಬಸ್ ಹತ್ತಿ ಮರವಂತೆಯಲ್ಲಿ ಇಳೂದಂದ್ರೆ ಎಂತ ಧೈರ್ಯ ಅದ್ರದ್ದ್! ನಾನ್ ಮದ್ವೆ ಆಪುವರಿಗೆ ಕೋಟ ಪೇಟೆ ದಾಟಿದವಳಲ್ಲ. ಇದ್ ಕಾಣಿ! ಸೀದಾ ಬಂದ್ ನಿಮ್ಮನೆ ಅಂಗ್ಳದಲ್ಲಿ ನಿಂತ್ಕಂಡ್, "ವನಜ ಅಂದ್ರೆ ನೀವಾ? ನಾನ್ ಶ್ರೀಲತನ ಮಗಳ್, ದೀಕ್ಷಿತಾ" ಅಂದದ್ದಂಬ್ರ್! ಹಾಂಗೇ ಅಲ್ದಾ? …ತಲೆ ಆಡ್ಸ್ತ್ರಿ, ಹಾಂಗಾರೆ ಹೌದ್. ಅಯ್ಯೋ ದೇವ್ರೆ! ಈಗ ಬಂದದ್ದೇ ನನ್ನ ಹತ್ರ ಅರ್ಧ ಹೇಳ್ತ್, ಇನ್ನರ್ಧ ಹೇಳುವಷ್ಟೊತ್ತಿಗೆ ಕಣ್ಣ್ ಮುಚ್ಚಿ ಹೋಯ್ತ್. ಚಾವಡಿಯಲ್ಲಿ ಚಾಪೆ ಹಾಕಿ ಮನಿಕ್ಸಿದೆ.

ನೀವೆಂತ ಅಂಗ್ಳದಲ್ಲೇ ನಿಂತದ್ದ್? ಬನ್ನಿ, ಜಗ್ಲಿಗೆ ಬನ್ನಿ. ಕೂಕಣಿ. ಹೆಣ್ಣನ್ನ ಕರ್ಕಂಡ್ ಬಂದ್ ಬಾಗ್ಲಲ್ಲಿ ಬಿಟ್ಟ್ ಹಾಂಗೇ ತಿರ್ಗಿ ಹೋಪುದಾ? ನಾವ್ ಅಷ್ಟ್ ಕೆಟ್ಟವರಾ? …ಅದಕ್ಕೆ ಉತ್ರ ಹೇಳೂದ್ ಬ್ಯಾಡ, ಬಿಡಿ.

ಹೆದ್ರಬೇಡಿ, ಇವ್ರ್ ಮನೇಲಿಲ್ಲೆ. ಊರಿಗೆಲ್ಲ ಶಾಮರಾಯರು, ನಂಗೆ ಬರೀ 'ಇವ್ರ್'. ಬಾರ್ಕೂರಲ್ಲಿ ಒಂದ್ ಮದ್ವೆ ಅಡುಗೆ ಒಪ್ಕಂಡಿದ್ರ್. ಪಾಯಸ ಬಡ್ಸಿ, ಯಾರ್ ಯಾವ ಪಂಕ್ತಿಯಲ್ಲಿ ಕೂಕಂಡ್ರ್ ಅಂತ ಕಣ್ಣ್ ಹಾಯ್ಸಿ, ಮತ್ತೆ ಬಪ್ಪುದ್. ಶ್ರೀಶ ಉಡುಪಿಗೆ ಹೋಯ್ದ. ಅವ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಅಪ್ಪನ ಎದ್ರಿಗೆ ನನ್ನ ಮಗನ ಬಾಯಿ ತೆರೂದ್ ಉಂಬುಕೆ ಮಾತ್ರ. ನಿಮ್ಮ ಮಗಳನ್ನ ಮದ್ವೆ ಆದ ದಿನ ಒಂದ್ಸಲ ತೆರ್ದಿದ್ದ. ಆ ಧೈರ್ಯ ಅವ್ನಿಗೆ ಎಲ್ಲಿಂದ ಬಂತ್ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲೆ.

ಬೆಲ್ಲದ ನೀರ್ ಕುಡಿನಿ. ಬಿಸ್ಲಲ್ಲಿ ಬಂದದ್ದ್. …ಲೋಟ ಎಂತಕೆ ತಿರ್ಗ್ಸಿ ತಿರ್ಗ್ಸಿ ಕಾಂತ್ರಿ? ಓ… ಬೇರೆ ತೆಗ್ದಿಟ್ಟ ಲೋಟ ಅಲ್ಲ, ವನಜಕ್ಕ. ನಾನ್ ಕುಡಿಯೂದೇ ಅದ್ರಲ್ಲಿ. ಕುಡಿನಿ.

ಎಲ್ಲ ಆ ಸೀಡಿಯಿಂದ ಆದದ್ದ್! ಇವಳ ಶಾಲೆಗೆ ಹೊಸ ಟೀಚರ್ ಒಬ್ಬಳ್ ಬಂದಿದ್ಲ್. ಮಕ್ಳಿಗೆ ಸೀಡಿ ಹಂಚಿ, "ಮನೇಲಿ ಹಿರಿಯರೊಟ್ಟಿಗೆ ಕೂಕಂಡ್ ಕಾಣಿ, ಮನುಷ್ಯರೆಲ್ಲ ಒಬ್ರಿಗೊಬ್ರ್ ಹ್ಯಾಂಗೆ ಸಂಬಂಧ ಅಂತ ಹಿರಿಯರ್ ವಿವರ್ಸಿ ಹೇಳ್ತ್ರ್" ಅಂದಳಂಬ್ರ್. ಹಿರಿಯರ್ ಯಾರ್? ಅಪ್ಪನಿಗೆ ಪುರ್ಸೊತ್ತಿಲ್ಲೆ. ಅಜ್ಜನಿಗೆ ಟೀವಿ ಅಂದ್ರೆ ಯಕ್ಷಗಾನದ ಆಟ ಒಂದೇ, ಮತ್ತೆಲ್ಲ ಅನಾಚಾರ. ಉಳ್ದದ್ದ್ ನಾನ್. ಸಾಕ್ಷ್ಯಚಿತ್ರ ಅಂಬ್ರ್ ಅದಕ್ಕೆ. ಕಥೆ ಇಲ್ಲೆ, ಪದ್ಯ ಇಲ್ಲೆ, ಅತ್ತೆ-ಸೊಸೆ ಜಗಳವೂ ಇಲ್ಲೆ. ಬಿಳಿ ಗಡ್ಡದವ ಒಬ್ಬ ಬಿಸ್ಲಲ್ಲಿ ನಡೀತಾ ನಡೀತಾ ಇಂಗ್ಲಿಷಲ್ಲಿ ಮಾತಾಡ್ತ. ಅಷ್ಟೇ! ಅವ ಹೇಳೂದ್ ನಂಗೆ ಒಂದಕ್ಷರ ಅರ್ಥ ಆತ್ತಿಲ್ಲೆ. ಎಲ್ಲ ಅರ್ಥ ಆಪು ಹೆಣ್ಣಿಗೆ, ಎಂತದೂ ಅರ್ಥ ಆಗ್ದ ನಾನ್ ವಿವರ್ಸ್ಕ್! ಇದ್ ಈಗಿನ ವಿದ್ಯೆ!

ಕಡೆಗೆ ಅದೇ ನಂಗೆ ಹೇಳ್ತಾ ಹೋಯ್ತ್. "ಅಜ್ಜಿ, ಲೋಕದಲ್ಲಿ ಎಷ್ಟ್ ಜನ ಇದ್ರೋ ಅಷ್ಟೂ ಜನಕ್ಕೆ ಒಬ್ಬಳೇ ಅಜ್ಜಿ ಅಂಬ್ರ್. ಆಫ್ರಿಕಾದಲ್ಲಿ ಇದ್ದಿದ್ಳಂಬ್ರ್." ನಾನ್ ಕೇಂಡೆ, "ಯಾವ ಮನೆಯವಳಂಬ್ರ್?"

ಎಂತ ನೆಗಾಡ್ತ್ರಿ? ಮತ್ತೆಂತ ಕೇಣೂದ್? ನಮ್ಮೂರಲ್ಲಿ ಒಬ್ಬ ಅಜ್ಜಿ ಅಂದ್ಕೂಡ್ಲೆ ಯಾವ ಮನೆ, ಯಾರ ಮಗಳ್, ಎಲ್ಲಿಗೆ ಕೊಟ್ಟದ್ದ್ ಅಂತ ಕೇಣೂದಿಲ್ಯಾ? ಹೆಣ್ಣ್ ಹೇಳ್ತ್, "ಮನೆ ಇಲ್ಲೆ ಅಜ್ಜಿ, ಗುಹೆ." ಅಯ್ಯೋ ಪಾಪ, ಅಷ್ಟ್ ಮಕ್ಳ್ ಮೊಮ್ಮಕ್ಳ್, ಒಬ್ರೂ ಒಂದ್ ಮನೆ ಕಟ್ಸಿ ಕೊಡ್ಲಿಲ್ಯಾ ಅಂದೆ. …ಅಬ್ಬ, ನಿಮ್ಗೂ ನೆಗೆ ಬತ್ತ್! ಒಳ್ಳೇದಾಯ್ತ್. ನಾನ್ ನಿಮ್ಮ ನೆಗೆ ಕಂಡದ್ದ್ ಇದೇ ಸುರು.

ಮತ್ತೆ ಆ ಗಡ್ಡದವ ಊರೂರ್ ತಿರ್ಗ್ತ. ಸಿಕ್ಕಿದವರ ಬಾಯಿಗೆಲ್ಲ ಒಂದ್ ಕಡ್ಡಿ ಹಾಕಿ ಕೆನ್ನೆ ಒಳ್ಗೆ ತಿಕ್ತ. ಎಂಜ್ಲ್ ತೆಗೂದ್! ಕರಿಯರ್, ಬಿಳಿಯರ್, ಸಪೂರ ಕಣ್ಣಿನವರ್, ತುರ್ಬ್ ಕಟ್ಟಿದವರ್, ಎಲ್ರ ಎಂಜ್ಲೂ ಸೀಸೆಗೆ. ಅದನ್ನ ಕಂಡ್ರೆ ನಿಮ್ಮ ಮೂಲ ಎಲ್ಲಿ, ನಿಮ್ಮ ದಾಯಾದಿಗಳ್ ಯಾರ್, ಎಲ್ಲ ಗೊತ್ತಾತ್ತಂಬ್ರ್. ಅಲ್ಲ ವನಜಕ್ಕ, ಇವ್ರ್ ದಿನಾ ಮಿಂದ್ ಮಡಿಯುಟ್ಟ್ ಗೋತ್ರ, ಪ್ರವರ ಅಂತ ಹೇಳೂದೆಲ್ಲ ಎಂಜ್ಲಲ್ಲಿ ಇತ್ತಂಬ್ರ್! ಈ ಮನೆಗೆ ಬಂದ ದಿನದಿಂದ, ಎಂಜ್ಲಾಯ್ತ್ ಅಂತ ಲೋಟ ತೊಳ್ದ್, ಎಂಜ್ಲಾಯ್ತ್ ಅಂತ ನೆಲ ಒರ್ಸಿ ನನ್ನ ಸೊಂಟ ಬಿದ್ದ್ ಹೋಯ್ತಲ್ದಾ? ಅಷ್ಟ್ ದೊಡ್ಡ ಗ್ರಂಥವನ್ನ ನಾನ್ ದಿನಾ ಬಚ್ಚಲಿಗೆ ಚೆಲ್ತಿದ್ದೆ ಕಾಣಿ!

ಹೆಣ್ಣ್ ಸುಮ್ನೆ ಕೂತ್ಕಂತಾ? ಕಿವಿಗೆ ಹಾಕು ಹತ್ತಿ ಕಡ್ಡಿ ತಕಂಡ್ ಬಂದ್ ಮೊದ್ಲ್ ನನ್ನ ಕೆನ್ನೆ ತಿಕ್ತ್. ಮತ್ತೆ ಅದೇ ಕಡ್ಡಿ ಹಿಡ್ಕಂಡ್ ಅಜ್ಜನ ಹತ್ರ ಹೋಯ್ತ್. "ಅಜ್ಜ, ಬಾಯಿ ತೆರಿ. ನೀ ಯಾರ ಪೈಕಿ ಅಂತ ಕಾಂಬ." ಶಾಮರಾಯರ ಹತ್ರ! ನನ್ನ ಎಂಜ್ಲ್ ಕಡ್ಡಿ ಹಿಡ್ಕಂಡ್! ಇವ್ರ್ ಸೀದಾ ಬಾವಿ ಕಟ್ಟೆಗೆ ಹೋಯಿ ಮತ್ತೊಂದ್ಸಲ ಮಿಂದ್ ಬಂದ್ರ್.

ಅಲ್ಲಿಗೆ ಮುಗೀಲಿಲ್ಲ. ಇವ್ರ್ ಉಂಬುಕೆ ಕೂಕಂಡಿದ್ರ್. ಟೀವೀಲಿ ಆ ಆಫ್ರಿಕಾದ ಅಜ್ಜಿಯ ಮಕ್ಳ್ ಹೊರಟದ್ದ್ ತೋರ್ಸ್ತಿದ್ರ್. ಕಾಡಲ್ಲಿ ಬರ್ಲಿಲ್ಲಂಬ್ರ್, ಗುಡ್ಡೆ ಹತ್ಲಿಲ್ಲಂಬ್ರ್, ಕಡಲ ಕರೆಯಲ್ಲೇ ನಡ್ಕಂಡ್ ನಡ್ಕಂಡ್ ನಮ್ಮ ದೇಶಕ್ಕೆ ಬಂದ್ರಂಬ್ರ್. ನಾನ್ ಅಡುಗೆಯವರ ಹೆಂಡ್ತಿ, ನಂಗೆ ಬಪ್ಪು ಪ್ರಶ್ನೆ ಒಂದೇ. "ದಾರೀಲಿ ಉಂಬುಕೆ ಎಂತ ಮಾಡಿರ್?" ಹೆಣ್ಣ್ ಹೇಳ್ತ್, "ಚಿಪ್ಪಿನೊಳ್ಗಿನ ಮಳಿ, ಏಡಿ, ಮೀನ್. ಕಾಣ್ ಅಜ್ಜಿ, ಅವ್ರ್ ತಿಂದ್ ಬಿಸಾಡಿದ ಚಿಪ್ಪಿನ ರಾಶಿ!" ಇವ್ರ ಕೈಯ್ಯಲ್ಲಿದ್ದ ತುತ್ತ್ ಅರ್ಧ ದಾರೀಲಿ ನಿಂತ್ ಹೋಯ್ತ್. "ನಮ್ಮ ಹಿರಿಯರ್ ಯಜ್ಞ ಮಾಡುಕೆ ಉತ್ತರದಿಂದ ಬಂದವ್ರ್" ಅಂದ್ರ್. ಹೆಣ್ಣ್ ಬಿಡ್ತಾ? "ಯಜ್ಞ ಮತ್ತೆ ಅಜ್ಜ. ಮೊದ್ಲ್ ಮಳಿ."

"ಬಂದ್ ಮಾಡ್ ಆ ಅನಾಚಾರವನ್ನ!" ಅಂದ್ರ್. ಬಂದ್ ಮಾಡಿದೆ. ಈ ಮನೇಲಿ ಬಂದ್ ಮಾಡು ಕೆಲಸ ಯಾವಾಗ್ಲೂ ನಂದೇ.

ಮರ್ದಿನ ಇವ್ರ್ ದೇವಸ್ಥಾನಕ್ಕೆ ಹೋದ ಮೇಲೆ ಉಳ್ದದ್ದ್ ಹಾಕಿ ಇಬ್ರೂ ಕೂಕಂಡ್ ಕಂಡದ್ದ್. ಹೆಣ್ಣ್ ಕೇಂಡ್ತ್, "ಹಾಂಗಾರೆ ಅಜ್ಜಿ, ಬಸ್ಸಲ್ಲಿ ನನ್ನ ಬದಿಗೆ ಕೂಕಂಬವರೂ ನಮ್ಗೆ ನೆಂಟ್ರಾ?" ಈಗ ಹಿರಿಯರ್ ವಿವರ್ಸ್ಕಲ್ದಾ? ನಾನ್ ವಿವರ್ಸಿದೆ. "ಹೌದ್ ಮಗಾ. ನೀ ಹುಟ್ಟಿದಾಗ ನಿನ್ನನ್ನ ಮೊದ್ಲ್ ಎತ್ತಿಕಂಡದ್ದ್ ನಾನಲ್ಲ, ಅಜ್ಜನಲ್ಲ, ಆಸ್ಪತ್ರೆಯ ನರ್ಸ್. ವಂಡ್ಸೆ ಕಡೆಯವಳ್. ಹೆಸ್ರೂ ಕೇಣ್ಲಿಲ್ಲ ನಾವ್. ನೀ ಉಂಬು ಅಕ್ಕಿಯ ಗದ್ದೆ ನೆಟ್ಟವರ ಮುಖ ನೀ ಕಂಡದ್ದಿಲ್ಲೆ. ನಿನ್ನ ಅಂಗಿ ಹೊಲ್ದವರ ಊರ್ ನಂಗೆ ಗೊತ್ತಿಲ್ಲೆ. ಅವ್ರೆಲ್ಲ ಇಲ್ದಿದ್ರೆ ನೀ ಇಲ್ಲೆ, ನಾ ಇಲ್ಲೆ. ಲೋಕದಲ್ಲಿ ಒಬ್ರನ್ನ ಬಿಟ್ಟ್ ಒಬ್ರಿಲ್ಲೆ." ಒಳ್ಳೆ ಹರಿಕಥೆ ದಾಸರ ಹಾಂಗೆ ಹೇಳ್ತಾ ಹೋದೆ! ಹೇಳುವಾಗ ನಂಗೇ ನನ್ನ ಮೇಲೆ ಭಕ್ತಿ ಬಂತ್. ಹೆಣ್ಣ್ ಕಣ್ಣರಳ್ಸಿ ಕೇಣ್ತಾ ಇತ್ತ್.

ಕೇಂಡ್ ಮುಗ್ಸಿ ಮೆಲ್ಲ ಹೇಳ್ತ್, "ಅಷ್ಟೆಲ್ಲ ಜನ ನಮ್ಮವ್ರಾದ್ರೆ ನನ್ನ ಅಮ್ಮನ ಅಮ್ಮ ಎಲ್ಲಿ?"

ಸಿಕ್ಕಿ ಬಿದ್ದೆ ಕಾಣಿ! ಆಫ್ರಿಕಾದವರೆಗೆ ನೆಂಟಸ್ತನ ಹೇಳಿದವಳಿಗೆ ಮರವಂತೆ ಹೇಳುಕೆ ಬಾಯಿ ಬರ್ಲಿಲ್ಲ.

ಮುಂಚೆ ಒಂದ್ಸಲ ಕೇಂಡಿತ್ತ್, ಸಣ್ಣದಿಪ್ಪಾಗ. ಆಗ 'ಅವ್ರ್ ಹೋದ್ರ್' ಅಂತ ಇವ್ರ್ ಹೇಳಿದ್ರ್. ಅಷ್ಟೇ. ಸತ್ರ್ ಅಂತ ಹೇಳ್ಲಿಲ್ಲೆ ಮತ್ತೆ, ಸುಳ್ಳ್ ಹೇಳುವವ್ರಲ್ಲ ಅಲ್ದಾ ನಮ್ಮನೆಯವ್ರ್! 'ಹೋದ್ರ್'. ನೀವ್ ಬಂದಿದ್ರಿ, ಕೂಕಂಡಿದ್ರಿ, ಹೋದ್ರಿ. ಸತ್ಯವೇ. ಮಗು ಬೇರೆಂತ ತಿಳ್ಕಂಡ್ರೆ ಅದ್ ಮಗುವಿನ ತಪ್ಪ್. …ಹೀಂಗೆ ನೀವ್ ಬದ್ಕಿಪ್ಪಾಗ್ಳೇ ನಮ್ಮನೇಲಿ ಹೋದವ್ರ್, ವನಜಕ್ಕ. ಕಾಲ ಕಾಲಕ್ಕೆ ಪಿಂಡ ಒಂದ್ ಹಾಕ್ಲಿಲ್ಲ.

ಈಗ ಅದ್ ಬಿಡೂದಿಲ್ಲೆ. "ಹೋದ್ರ್ ಅಂತ ಅಜ್ಜ ಹೇಳಿರ್. ಎಲ್ಲಿಗೆ ಹೋದ್ರ್?" ನಾನ್ ಹೂಬತ್ತಿ ಹೊಸೀತಿದ್ದೆ. ಬಾಯಿ ತಪ್ಪಿ "ಮರವಂತೆಗೆ" ಅಂದ್ಬಿಟ್ಟೆ!

ಆ ಹೆಣ್ಣಿನ ಮುಖ ಕಾಣ್ಕಿತ್ತ್ ನೀವ್. "ಮರವಂತೆಗಾ? ಅಲ್ಲಿಗೆ ಬಸ್ ಇತ್ತಲ್ದಾ?"

…ನೆಗಾಡಿ, ನೆಗಾಡಿ. ಕಣ್ಣ್ ಒರ್ಸ್ಕಂಡ್ ನೆಗಾಡಿ. ತೊಂದ್ರೆ ಇಲ್ಲೆ.

ಅಲ್ಲ, ತಪ್ಪೆಲ್ಲ ನಮ್ಮ ಕಡೆದೇ ಅಂತ ಹೇಳ್ಬೇಡಿ ಮತ್ತೆ. ನಿಮ್ಮ ಬಚ್ಚಣ್ಣ ಕಡ್ಮೆಯವ್ರಾ? ಮಗಳ್ ಭಟ್ರ ಹುಡುಗನನ್ನ ಕಟ್ಕಂಡ್ಳ್ ಅಂತ ಅವ್ಳ ಬಟ್ಟೆ ಪೆಟ್ಟಿಗೆಯನ್ನ ಹೈವೇ ಬದಿಗೆ ಬಿಸಾಡಿದವ್ರಲ್ದಾ? ಇಲ್ಲಿ ನಮ್ಮನೆಯವ್ರ್ ಮಗನ ಹೆಸ್ರಲ್ಲಿ ಸ್ನಾನ ಮಾಡಿರ್, ಅಲ್ಲಿ ನಿಮ್ಮನೆಯವ್ರ್ ಮಗಳ ಹೆಸ್ರಲ್ಲಿ ಕುಡ್ದ್ರ್. ಇಬ್ರೂ ನೀರಿನ ಕೆಲ್ಸವೇ ಮಾಡಿದ್ದ್! ಆ ಗಡ್ಡದವನಿಗೆ ಹೇಳ್ಕ್, ಆಫ್ರಿಕಾಕ್ಕೆಲ್ಲ ಎಂತಕೆ ಹೋತೆ ಮಾರಾಯ, ನಮ್ಮಿಬ್ರ ಗಂಡಂದಿರ ಎಂಜ್ಲ್ ತಕೋ, ಎರಡೂ ಒಂದೇ ಅಂತ ಇಲ್ಲೇ ಗೊತ್ತಾತ್ತ್ ಅಂತ.

ಈಗ ಮೆತ್ತಗಾಯ್ದ್ರಂಬ್ರ್ ಅಲ್ದಾ ಅವ್ರ್? ಹೆಣ್ಣ್ ಹೇಳ್ತ್. ಮೊದ್ಲ್ ತೆಂಗಿನ ಮರದ ಹಿಂದೆ ನಿಂತ್ಕಂಡಿದ್ರಂಬ್ರ್, ಹತ್ರ ಬರ್ಲಿಲ್ಲಂಬ್ರ್. ಮತ್ತೆ ಬಂದ್ ಎತ್ತಿ ದೋಣಿ ಮೇಲೆ ಕೂರ್ಸಿದ್ರಂಬ್ರ್. "ಆ ಅಜ್ಜ ನನ್ನ ಕೈ ಬಿಡ್ಲೇ ಇಲ್ಲ ಅಜ್ಜಿ, ಕೈಯೆಲ್ಲ ಬಲೆ ವಾಸನೆ" ಅಂದ್ತ್.

ವಾಸನೆ ಅಂದದ್ಕೆ ನೆಂಪಾಯ್ತ್. ಎಂತ ತಿನ್ಸಿದ್ರಿ ಅದಕ್ಕೆ? …ಬ್ಯಾಡ, ಹೇಳ್ಬೇಡಿ. ಬಂದ್ ನನ್ನ ತೊಡೆ ಮೇಲೆ ಕೂತಾಗ್ಳೇ ಗೊತ್ತಾಯ್ತ್ ನಂಗೆ. ಹಲ್ಲುಜ್ಜಿ ಮನಿಕೋ ಅಂದೆ. "ಆಫ್ರಿಕಾದ ಅಜ್ಜಿಯೂ ಇದೇ ತಿಂತಿದ್ಲ್" ಅಂತ ನಂಗೇ ಪಾಠ ಹೇಳ್ತ್. ನೀವಾಗಿ ಕೊಡ್ಲಿಲ್ಲ, ಅದೇ ಕೇಂಡ್ ಹಟ ಮಾಡಿ ತಿಂದದ್ದ್ ಅಂತ ಗೊತ್ತಿತ್ತ್ ನಂಗೆ. ನೀವ್ ಅನ್ನ-ಮಜ್ಜಿಗೆ ಹಾಕಿ ಕೊಟ್ಟ್ ಕೈ ಕಟ್ಟಿ ಕೂಕಂಡಿದ್ರಂಬ್ರ್. ನಿಮ್ಮನೇಲಿ ನಮ್ಮ ಮಡಿ ಕಾದವ್ರ್ ನೀವೊಬ್ರೇ!

ಆ ವಾಸನೆ ನಂಗೆ ಹೊಸತಾ, ವನಜಕ್ಕ? ಶ್ರೀಲತ ಬಸ್ರಿ ಇಪ್ಪಾಗ ವಾರಕ್ಕೊಂದ್ಸಲ ಪೋಸ್ಟಾಫೀಸಿಗೆ ಹೋತಿದ್ಲ್. ಪತ್ರ ಬರು ಜನ ಯಾರೂ ಇಲ್ಲೆ, ಹಾಕು ಜನ ಯಾರೂ ಇಲ್ಲೆ. ಆದ್ರೂ ಪೋಸ್ಟಾಫೀಸ್! ತಿರ್ಗಿ ಬಪ್ಪಾಗ ಮುಖದಲ್ಲಿ ಒಂದ್ ಕಳೆ. ಬಸ್‌ಸ್ಟ್ಯಾಂಡಲ್ಲಿ ಬುತ್ತಿ ಹಿಡ್ಕಂಡ್ ಕಾಯ್ತಿದ್ದವ್ರ್ ನೀವಲ್ದಾ? …ತಲೆ ತಗ್ಗ್ಸಬೇಡಿ. ಒಂದಿನ ಇವ್ರ್ ಮೂಗ್ ಅರಳ್ಸಿ, "ಎಂತದೇ ಇದ್ ವಾಸನೆ?" ಅಂದ್ರ್. ನಾನ್ ಹೇಳ್ದೆ, "ತೋಡಲ್ಲಿ ಎಂತದೋ ಸತ್ತಿತ್ತ್." ಆ ದಿನ ಇಡೀ ಮಧ್ಯಾಹ್ನ ನಮ್ಮನೆಯವ್ರ್ ಕೋಲ್ ಹಿಡ್ಕಂಡ್ ತೋಡಲ್ಲಿ ಹುಡ್ಕಿರ್! ಒಳ್ಗೆ ನಿಮ್ಮ ಮಗಳೂ ನಾನೂ ಬಾಯಿಗೆ ಸೆರಗ್ ಒತ್ತಿಕಂಡ್ ನೆಗಾಡಿ ನೆಗಾಡಿ… ಅವ್ಳ್ ಈ ಮನೇಲಿ ಅಷ್ಟ್ ನೆಗಾಡಿದ್ದ್ ಅದೊಂದೇ ಸಲ.

ಕಾಮಾಲೆ ಬಂದಾಗ ಆಸ್ಪತ್ರೆಯಲ್ಲಿ ನಿಮ್ಮನ್ನ ಕೇಂಡಿದ್ಲ್. ಹೇಳಿ ಕಳ್ಸಿದ್ದ್ ನಿಮ್ಗೆ ಮುಟ್ಟುವಾಗ ಹೊತ್ತ್ ಮೀರಿತ್ತ್. ಮತ್ತೆ ಅವ್ಳ ಉತ್ತರಕ್ರಿಯೆ, ಬೊಜ್ಜದ ದಿನ ನೀವ್ ಬಂದದ್ದ್. ಹೆಣ್ಣಿಗೆ ಮೂರ್ ತುಂಬಿರ್ಲಿಲ್ಲ. ಕಾಂತೆ, ಒಂದ್ಸಲ ಎತ್ತಿಕಂತೆ ಅಂದ್ರಿ. ಇವ್ರ್ "ಮಗುವಿಗೆ ಈಗ ಸಮಾ ಇಲ್ಲೆ" ಅಂದ್ರ್. ಅಲ್ಲೇ ಮೆಟ್ಲ ಕೆಳ್ಗೆ ಕೂಕಂಡ್ರಿ ನೀವ್. ಒಳ್ಗೆ ಹೆಣ್ಣ್ ಕುಣೀತಾ ಇತ್ತ್, ಅದಕ್ಕೆಂತ ಸಾವ್ ಗೊತ್ತಾ? ಅದ್ರ ಗೆಜ್ಜೆ ನಿಮ್ಗೆ ಕೇಣ್ತಿತ್ತ್. ಊರಿನವ್ರೆಲ್ಲ ಉಂಡ್ ಎದ್ದ್ರ್, ನೀವ್ ಎದ್ದ್ ಹೋದ್ರಿ.

…ಎಂತಾದ್ರೂ ಹೇಳಿ ಮಾರಾಯ್ರೆ. ನಾನೊಬ್ಬಳೇ ಮಾತಾಡೂದ್. ಮೀನ್ ಮಾರ್ಕೆಟಲ್ಲಿ ನಿಮ್ಮ ಸ್ವರ ಬಂದ್ರೆ ಬೆಕ್ಕ್ ಕೂಡ ಓಡ್ತಂಬ್ರ್, ಇಲ್ಲಿ ಬಂದ್ ಮೂಕಿ ಆದ್ರಾ?

ಆಯ್ತ್, ಇವತ್ತಿಂದ್ ಹೇಳ್ತೆ, ಕೇಣಿ. ಬೆಳಿಗ್ಗೆ ಇವ್ರ್ ಕೊಪ್ಪರಿಗೆ, ಸಟ್ಟುಗ ಎಲ್ಲ ಟೆಂಪೋಕ್ಕೆ ಹಾಕ್ಸಿ ಹೊರಟ್ರ್. ಶ್ರೀಶನೂ ಹೋದ. ನಾನ್ ಹಿತ್ಲಲ್ಲಿ ಬಸಳೆ ಕೊಯ್ಕಂಡ್ ಬಂದ್ ಕಂಡ್ರೆ ಹೆಣ್ಣಿಲ್ಲೆ! ಬಾವಿ ಬಗ್ಗಿ ಕಂಡೆ, ಕೊಟ್ಟಿಗೆ ಕಂಡೆ, ಕೂಗಿದೆ… ನನ್ನ ಎದೆ ಒಡ್ದ್ ಹೋಪುದೊಂದ್ ಬಾಕಿ! ಇಲ್ಲಿ ನಾನ್ ಹೀಂಗೆ ಸಾಯ್ತಿದ್ರೆ ಅದ್ ಅಲ್ಲಿ ಡ್ರೈವರ್ ಹಿಂದಿನ ಸೀಟಲ್ಲಿ, ಕಿಟಕಿ ಬದೀಲಿ ಕೂಕಂಡ್ ಗಾಳಿ ತಿಂತಾ ಹೋಪುದ್! …ಎಂತಕೆ ಹಾಂಗೆ ತಲೆ ಎತ್ತಿ ಕಂಡ್ರಿ? ಯಾವ ಸೀಟ್ ಅಂತಾ? ಹೆಣ್ಣೇ ಹೇಳ್ತಪ್ಪ, ಆಗ ಬಂದಾಗ.

ಆ ಕಂಡಕ್ಟರ್ ಶೀನನಿಗೆ ಬೈಯ್ಕ್ ಮೊದ್ಲ್! ನಮ್ಮ ಕೇರಿಯವನೇ, ಹೆಣ್ಣಿನ ಗುರ್ತ ಇಲ್ಯಾ? "ಒಬ್ಬಳೇ ಎಲ್ಲಿಗೆ ಹೋಪುದ್?" ಅಂತ ಕೇಣ್ಕಲ್ದಾ? ಕೇಣ್ಲಿಲ್ಲ! ಬದ್ಲಿಗೆ ಬಸ್ ನಿಲ್ಸಿ, ಇಳ್ದ್, ಕೈ ಹಿಡ್ದ್ ರಸ್ತೆ ದಾಟ್ಸಿ, ನಿಮ್ಮನೆ ಮೆಟ್ಲವರೆಗೆ ಬಿಟ್ಟ್, ಅಲ್ಲಿಂದ ಫೋನ್ ಮಾಡಿ… ಅಲ್ಲ, ಫೋನ್ ಅಂದ್ರೆ… ಅವ ಯಾರಿಗೋ ಮಾಡಿದ್ದಾಯ್ಕ್. ಅವ್ನ ಹೆಂಡ್ತಿಗೆ ಇಪ್ಪುದ್. ನಂಗೆಂತ ಗೊತ್ತ್!

ಪೋಲೀಸಿಗೆ ಹೇಳುವವಳಿದ್ದೆ. ಹೇಳ್ಲಿಲ್ಲ ಅಷ್ಟೇ. ಆಚೆಮನೆ ಜಲಜನಿಗೂ ಹೇಳ್ಲಿಲ್ಲ. ಶ್ರೀಶನಿಗೂ ಹೇಳ್ಲಿಲ್ಲ. ಗಾಬ್ರಿ, ವನಜಕ್ಕ! ಗಾಬ್ರಿಗೆ ಬಾಯಿ ಕಟ್ಟಿ ಹೋಯ್ತ್. ಆ ಗಾಬ್ರಿಯಲ್ಲೇ ಬಸಳೆ ಹುಳಿ ಮಾಡಿದೆ, ಉಂಡೆ, ಸ್ವಲ್ಪ ಮನಿಕಂಡೆ…

…

ಎಂತಕೆ ಏನೂ ಹೇಳೂದಿಲ್ಲೆ ನೀವ್?

ಅಲ್ಲ, ಬಂದಾಗಿಂದ ಕಾಂತಿದ್ದೆ ನಾನ್. ಇಷ್ಟ್ ಹೊತ್ತಾಯ್ತ್. 'ಇಷ್ಟ್ ಸಣ್ಣ ಮಗುವನ್ನ ಹ್ಯಾಂಗೆ ಬಿಟ್ರಿ' ಅಂತ ಒಂದ್ ಮಾತ್ ಕೇಣ್ಲಿಲ್ಲ ನೀವ್. 'ನಿಮ್ಗೆ ಕಣ್ಣಿಲ್ಯಾ, ಮಗು ಕಾಣೂದಿಲ್ಲೆ ಅಂದ್ರೆ ಹುಡ್ಕೂದಿಲ್ಯಾ' ಅಂತ ಬೈಲಿಲ್ಲ. ನಿಮ್ಮ ಜಾಗದಲ್ಲಿ ನಾನಾಗಿದ್ರೆ ಬೈದ್ ನೀರಿಳಿಸ್ತಿದ್ದೆ! ಬೈಗ್ಳ ತಿಂಬುಕೆ ತಯಾರಾಗಿ ಕೂಕಂಡವಳ್ ನಾನ್. ನೀವ್ ಬೈಯ್ಯೂದಿಲ್ಲೆ. ಕೇಣೂದಿಲ್ಲೆ. ಬರೀ ಕಾಂತ್ರಿ.

ಗೊತ್ತಿತ್ತಾ ನಿಮ್ಗೆ?

ಹೆಣ್ಣ್ ಹೇಳ್ತಾ? ಹೇಳೂದಿಲ್ಲೆ ಅಂತ ದೇವ್ರಾಣೆ ಹಾಕಿತ್ತದ್! …ಹೇಳ್ಲಿಲ್ಯಾ? ಮತ್ತೆ?

ಓ. ಹೌದ್. ನಾನೆಂತ ಬುದ್ಧಿ ಇಲ್ದವಳ್. ಓಡಿ ಹೋಪು ಹೆಣ್ಣ್ ನವರಾತ್ರಿಯ ರೇಷ್ಮೆ ಲಂಗ ಹಾಕಂಡ್ ಹೋತ್ತಾ? ಬೆನ್ನ ಹಿಂದೆ ಎರಡ್ ಜಡೆ ಅಷ್ಟ್ ಬಿಗಿಯಾಗಿ ಅದ್ರ ಕೈಯ್ಯಲ್ಲೇ ಹೆಣೂಕೆ ಆತ್ತಾ? ಮಕ್ಳ ತಲೆ ಬಾಚಿದವ್ರ್ ನೀವೂ ಅಲ್ದಾ… ಕಂಡ ಕೂಡ್ಲೆ ಗೊತ್ತಾಯ್ತ್ ನಿಮ್ಗೆ. ಅಂಗ್ಳದಲ್ಲೇ ಗೊತ್ತಾಯ್ತ್. ಮತ್ತೆ ನಾನ್ ಇಲ್ಲಿ ಬಾವಿ ಬಗ್ಗಿದ ಕಥೆ ಹೇಳೂದನ್ನ ಸುಮ್ನೆ ಕೂಕಂಡ್ ಕೇಂಡ್ರಿ!

ಹೌದ್. ನಾನೇ ಹತ್ಸಿದ್ದ್. ಟಿಕೆಟ್ ನಾನೇ ಮಾಡ್ಸಿದ್ದ್. ಆ ಸೀಟಲ್ಲಿ ನಾನೇ ಕೂರ್ಸಿದ್ದ್. ಶೀನ ಫೋನ್ ಮಾಡಿ "ಅಮ್ಮ, ಬಿಟ್ಟೆ. ಅವ್ರ್ ಅಂಗ್ಳಕ್ಕೆ ಬಂದ್ರ್" ಅನ್ನುವರಿಗೂ ಫೋನಿನ ಬದಿ ಬಿಟ್ಟ್ ಏಳ್ಲಿಲ್ಲ ನಾನ್.

ಎಂತಕೆ ಅಂದ್ರೆ ಎಂತ ಹೇಳ್ಲಿ…

ಆ ಸೀಡಿ. ಅದ್ರ ಕೊನೇಲಿ ಒಂದ್ ದಾರ ತೋರ್ಸ್ತ್ರ್. ಆ ಆಫ್ರಿಕಾದ ಅಜ್ಜಿಯದ್ದ್ ಎಂತದೋ ಒಂದ್ ನಮ್ಮ ಮೈಯ್ಯೊಳ್ಗೆ ಇತ್ತಂಬ್ರ್. ಅದ್ ಅಮ್ಮನಿಂದ ಮಾತ್ರ ಬಪ್ಪುದಂಬ್ರ್. ಹೆಣ್ಣ್ ಬೆರಳ್ ಮಡ್ಚಿ ಲೆಕ್ಕ ಹಾಕ್ತ್. "ನಂಗೆ ಅಮ್ಮ ಕೊಟ್ಟದ್ದ್. ಅಮ್ಮನಿಗೆ ಮರವಂತೆ ಅಜ್ಜಿ ಕೊಟ್ಟದ್ದ್. ಅವ್ರಿಗೆ ಅವ್ರ ಅಮ್ಮ." ನಾನ್ ಕೇಂಡೆ, "ನಂದೆಲ್ಲಿ ಮಗಾ ಇದ್ರಲ್ಲಿ?" ಅದ್ ಸುಮಾರ್ ಹೊತ್ತ್ ಯೋಚ್ನೆ ಮಾಡ್ತ್, ಪಾಪ. ಸುಳ್ಳ್ ಹೇಳುಕೆ ಬತ್ತಿಲ್ಲೆ ಅದಕ್ಕೆ. "ನೀ ಇದ್ರಲ್ಲಿ ಇಲ್ಲೆ ಅಜ್ಜಿ. ನೀ ಅಪ್ಪಯ್ಯನಿಗೆ ಕೊಟ್ಟಿ. ಅಪ್ಪಯ್ಯನಿಗೆ ನಂಗೆ ಕೊಡುಕೆ ಆತ್ತಿಲ್ಲೆ. ನಿಂದ್ ಅಲ್ಲಿಗೆ ಮುಗೀತ್."

ಮುಗೀತಂಬ್ರ್!

ಮೀಯ್ಸಿದವ್ಳ್ ನಾನ್. ಮೈಯೆಲ್ಲ ಗುಳ್ಳೆ ಎದ್ದ ಕೋಟ್ಲೆ ಜ್ವರದಲ್ಲಿ ಎದೆ ಮೇಲೆ ಮನಿಕ್ಸಿಕಂಡವ್ಳ್ ನಾನ್. ನನ್ನ ಸೆರಗ್ ಬಾಯಲ್ಲಿ ಇಟ್ಕಣ್ದೆ ಇವತ್ತಿಗೂ ಅದಕ್ಕೆ ನಿದ್ರೆ ಬತ್ತಿಲ್ಲೆ. ಮುಗೀತ್! ಎಂತ ಸಿಟ್ಟ್ ಬಂತ್ ಗೊತ್ತಿತ್ತಾ ನಂಗೆ, ಆ ಗಡ್ಡದವನ ಮೇಲೆ? ಸೀಡಿಯನ್ನ ಒಲೆಗೆ ಹಾಕುಕೆ ಹೊರಟಿದ್ದೆ. ನಿಮ್ಮ ಮೇಲೂ ಬಂತ್, ಸುಳ್ಳೆಂತಕೆ? ಒಂದಿನ ತಲೆ ಬಾಚ್ದೆ, ಒಂದ್ ತುತ್ತ್ ಹಾಕ್ದೆ, ಮರವಂತೆಯಲ್ಲಿ ಕೂಕಂಡ್ ನೀವ್ ಆ ದಾರದಲ್ಲಿ ಇದ್ದ್ರಿ, ನಾನಿಲ್ಲೆ!

ಮತ್ತೆ ನನ್ನ ಅಬ್ಬೆ ನೆಂಪಾಯ್ತ್. ಅವ್ಳದ್ದ್ ನನ್ನ ಹತ್ರ ಬಂದ್ ನಿಂತ್ ಹೋಯ್ತಲ್ದಾ? ನಂಗೆ ಹೆಣ್ಣ್ ಮಕ್ಳಿಲ್ಲೆ. ಅವ್ಳನ್ನ ಹುಡ್ಕಂಡ್ ಬಪ್ಪುಕೆ ಲೋಕದಲ್ಲಿ ಯಾರೂ ಇಲ್ಲೆ. ನಿಮ್ಮನ್ನ ಹುಡ್ಕಂಡ್ ಬಪ್ಪುಕೆ ಒಬ್ಬಳ್ ಇದ್ಲ್, ನನ್ನ ಬದೀಲೇ ಕೂಕಂಡಿದ್ಲ್, ಮರವಂತೆಗೆ ಬಸ್ ಇತ್ತಾ ಅಂತ ಕೇಣ್ತಿದ್ಲ್. ಇತ್ತ್ ಅಂತ ಹೇಳ್ದೆ ಕೂರುಕೆ ಆಯ್ಲಿಲ್ಲ.

ನಾನ್ ಕಳ್ಸಿದ್ದ್ ಅಂತ ಎಂತಕೆ ಹೇಳ್ಲಿಲ್ಲ ಅಂದ್ರೆ… ಅದಾಗೇ ಹುಡ್ಕಂಡ್ ಬಂತ್ ಅಂದ್ರೆ ಅದ್ ನಿಮ್ಮ ಮೊಮ್ಮಗಳ್. ನಾನ್ ಕಳ್ಸಿದ್ದ್ ಅಂದ್ರೆ ಅದ್ ಈ ಗೋದಾವರಮ್ಮನ ಉಪಕಾರ. ನಿಮ್ಮ ಮೆಟ್ಲಿಗೆ ಉಪಕಾರ ಕಳ್ಸುಕೆ ನಂಗೆ ಯಾವ ಮುಖ ಇತ್ತ್?

ಇವ್ರಿಗಾ? ಹೇಳ್ತೆ. ಇವತ್ತೇ ಹೇಳ್ತೆ. ಕೂಗ್ತ್ರ್. ಕೂಗ್ಲಿ. ಉಣ್ಣೂದಿಲ್ಲೆ ಅಂತ್ರ್. ಊರಿಗೆಲ್ಲ ಅಡುಗೆ ಮಾಡು ಜನಕ್ಕೆ ಸ್ವಂತ ಒಂದ್ ಅನ್ನ ಬೇಯ್ಸಿಕಂಬುದ್ ಎಂತ ದೊಡ್ಡ ವಿಷ್ಯ! ಬಂದ್ ಮಾಡ್ ಅಂತ್ರ್, ನಂಗೆ ಗೊತ್ತಿತ್ತ್. ಈ ಸಲ ಸ್ವಿಚ್ ಎಲ್ಲಿತ್ತ್ ಅಂತ ಅವ್ರೇ ಹುಡ್ಕಣ್ಲಿ.

…ಎದ್ರಾ? ಕೂಕಣಿ. ಬಸ್ ಎಷ್ಟ್ ಬೇಕಾದ್ರೂ ಇತ್ತ್.

ಶ್! ಹೆಣ್ಣ್ ಎದ್ದಿತ್ತ್. ಕೇಂಡ್ತಾ? "ಅಜ್ಜೀ" ಅಂತ ಕರೀತ್. …ಹೋಯ್ ಮಗಾ, ಇಲ್ಲೇ ಇದ್ದೆ, ಬಂದೆ ತಡಿ!

…

ಕೇಂಡ್ರಿ ಅಲ್ದಾ ಎಂತ ಹೇಳ್ತ್ ಅಂತ? "ನೀನಲ್ಲ" ಅಂಬ್ರ್!

ಮತ್ತೆಂತ ನಿಂತ್ ಕಾಂತ್ರಿ ನನ್ನ ಮುಖ? ನಾನಲ್ಲ ಅಂತ ಹೇಳ್ತಲ್ದಾ ಅದ್? ಹೋಯ್ನಿ, ವನಜಕ್ಕ… ಒಳ್ಗೆ ಹೋಯ್ನಿ. ಹೊಸ್ಲ್ ಸ್ವಲ್ಪ ಎತ್ರ ಇತ್ತ್, ಕಾಲ್ ಕಂಡ್ಕಂಡ್.